‘ಎಂಬತ್ತರ ದಶಕದವರು’ ಇಂಗ್ಲಿಷಿಗೆ ಹೋದಾಗ ಎಂಬತ್ತು ವರ್ಷದವರಾದರು: ವಯಸ್ಸು, ದಶಕ ಬರೆಯುವ ಬಗ್ಗೆ

ಹೇಮಾವತಿ ದಂಡೆ (ಹಾಸನ)

ಶಾಲೆಯೊಂದರ ಅಮೃತ ಮಹೋತ್ಸವದ ಸ್ಮರಣ ಸಂಚಿಕೆ ಅಚ್ಚಿಗೆ ಹೋಗಬೇಕು. ಕನ್ನಡ ಪುಟಗಳದ್ದೇನೂ ತಕರಾರಿಲ್ಲ, ಇಂಗ್ಲಿಷ್ ಪುಟಗಳಲ್ಲಿ ವಯಸ್ಸು, ಇಸವಿ ಬಂದ ಕಡೆಯೆಲ್ಲ ಗೋಜಲು. ‘ಎಂಬತ್ತರ ದಶಕದ ಹಳೆಯ ವಿದ್ಯಾರ್ಥಿಗಳು’ ಅನ್ನೋದು ‘ಅಲಮ್ನೈ ಇನ್ ದೇರ್ ಏಟೀಸ್’ ಆಗಿದೆ. ಇದು ಸರೀನಾ? ‘ಮೇಷ್ಟ್ರಿಗೆ ಈಗ ಅರವತ್ತು ನಡೀತಿದೆ’ ಅನ್ನೋದನ್ನ ಏನಂತ ಬರೀಬೇಕು? ಇನ್ನು 1980ರ ಪಕ್ಕ ಎಸ್ ಹಾಕುವಾಗ ಮಧ್ಯೆ ಆ ಮೇಲಿನ ಗೆರೆ ಬೇಕೋ ಬೇಡವೋ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಕರಡು ತಿದ್ದು (ಹಾಸನ)

ಮೇಡಂ, ಮೊದಲನೇದು ಪೂರ್ತಿ ತಪ್ಪು. ಓದಿದವರು 80ರಿಂದ 89 ವರ್ಷದ ಅಜ್ಜ-ಅಜ್ಜಿಯರ ಗುಂಪು ಅಂದ್ಕೊಳ್ತಾರೆ. ಎಂಬತ್ತರ ದಶಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು ಈಗ ಐವತ್ತು ದಾಟಿ ಅರವತ್ತರ ಆಸುಪಾಸಿನಲ್ಲಿದ್ದಾರೆ ಅಷ್ಟೆ.

ಕೀಲಿ ಇರೋದು ಸಣ್ಣ ಪದದಲ್ಲಿ. ಮುಂದೆ ‘ದಿ’ ಇದ್ದರೆ ಕ್ಯಾಲೆಂಡರಿನ ದಶಕ; ‘ಹಿಸ್’, ‘ಹರ್’, ‘ದೇರ್’ ಇದ್ದರೆ ಆ ಮನುಷ್ಯರ ವಯಸ್ಸು. ‘ಇನ್ ದಿ ಏಟೀಸ್’ ಅಂದ್ರೆ 1980ರಿಂದ 1989. ‘ಇನ್ ಹಿಸ್ ಏಟೀಸ್’ ಅಂದ್ರೆ ಆತನಿಗೆ 80 ತುಂಬಿದ ದಿನದಿಂದ 90 ತುಂಬುವ ಹಿಂದಿನ ದಿನದವರೆಗೆ.

ನಮ್ಮ ಜಿಲ್ಲೆಯದೇ ಉದಾಹರಣೆ ತಗೊಳ್ಳಿ. ಎಚ್.ಡಿ. ದೇವೇಗೌಡರು ಹುಟ್ಟಿದ್ದು 1933ರ ಮೇ 18, ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ. ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದು 1996ರ ಜೂನ್ 1. ಹಾಗಾಗಿ ಅವರು ‘ಬಾರ್ನ್ ಇನ್ ದಿ ಥರ್ಟೀಸ್’. ಪ್ರಧಾನಿಯಾದಾಗ 63, ಅಂದರೆ ‘ಇನ್ ಹಿಸ್ ಸಿಕ್ಸ್‌ಟೀಸ್’. ಆ ಘಟನೆ ನಡೆದದ್ದು ‘ಇನ್ ದಿ ನೈಂಟೀಸ್’. 2023ರ ಮೇ 18ರಿಂದ ಅವರು ‘ಇನ್ ಹಿಸ್ ನೈಂಟೀಸ್’. ಒಬ್ಬರದೇ ಬದುಕಿನಲ್ಲಿ ನೈಂಟೀಸ್ ಎರಡು ಸಲ ಬಂತು, ಎರಡಕ್ಕೂ ಅರ್ಥ ಬೇರೆ. ‘ದಿ’ ತೆಗೆದು ‘ಹಿಸ್’ ಹಾಕಿದರೆ ಕಥೆಯೇ ಬದಲು.

ನಿಮ್ಮ ವಾಕ್ಯಕ್ಕೆ ‘ಅಲಮ್ನೈ ಆಫ್ ದಿ ನೈಂಟೀನ್ ಏಟೀಸ್’ ಸಾಕು.

ಚನ್ನರಾಯಪಟ್ಟಣ ಪ್ಯಾಸೆಂಜರ್

ಹಾಗಿದ್ರೆ ಹಳೆಯ ವಿದ್ಯಾರ್ಥಿಗಳ ಕ್ರಿಕೆಟ್ ಪಂದ್ಯದ ಪಕ್ಕದಲ್ಲೇ ಆಂಬುಲೆನ್ಸ್ ನಿಲ್ಲಿಸೋದೇನೂ ಬೇಡ ಅನ್ನಿ.

ಕೊಪ್ಪದ ಅಡಿಕೆ

ಕನ್ನಡದಲ್ಲಿ ಈ ಗೊಂದಲ ಹುಟ್ಟೋದೇ ಇಲ್ಲ ಮಾರಾಯ್ರೆ, ಯಾಕಂದ್ರೆ ನಾವು ‘ದಶಕ’ ಅಂತ ಬಾಯಿಬಿಟ್ಟು ಹೇಳ್ತೇವೆ. ವಯಸ್ಸಿಗಾದರೆ ‘ಎಂಬತ್ತು ದಾಟಿದವರು’, ‘ಎಂಬತ್ತರ ಆಸುಪಾಸು’. ಪತ್ರಿಕೆಗಳು ಹಿಡಿದಿರುವ ‘ಎಂಬತ್ತರ ಹರೆಯ’ ಮಾತ್ರ ನನಗೆ ಯಾವತ್ತೂ ನಗು ತರಿಸುತ್ತೆ. ಹರೆಯ ಅಂದರೆ ಯೌವನ, ಮುದುಕರನ್ನು ಹೊಗಳುವಾಗ ಒಮ್ಮೆ ಬಳಸಿದರೆ ಚೆಂದ. ಈಗ ಆಸ್ಪತ್ರೆಗೆ ಸೇರಿದವರ ಸುದ್ದಿಯಲ್ಲೂ ಅದೇ.

ಇಂಗ್ಲಿಷಿನಲ್ಲಿ ಹತ್ತರ ಗುಂಪು ಇಪ್ಪತ್ತರಿಂದ ಶುರು. ‘ಇನ್ ಹಿಸ್ ಟೆನ್ಸ್’ ಅಂತ ಯಾರೂ ಬರೆಯೋದಿಲ್ಲ. ಅಲ್ಲಿ ‘ಟೀನ್ಸ್’ ಇದೆ, ಅದು 13ಕ್ಕೆ ಶುರುವಾಗಿ 19ಕ್ಕೆ ಮುಗಿಯುತ್ತೆ, ಥರ್ಟೀನ್‌ನಿಂದ ನೈಂಟೀನ್‌ವರೆಗೆ ಕೊನೆಯಲ್ಲಿ ‘ಟೀನ್’ ಇರುವುದಕ್ಕೆ. ಹತ್ತು, ಹನ್ನೊಂದು, ಹನ್ನೆರಡು ಹೊರಗೆ. ನಮ್ಮ ‘ಹದಿಹರೆಯ’ ನೋಡಿ: ಹದಿಮೂರು, ಹದಿನಾಲ್ಕು, ಹದಿನೈದು. ಇಲ್ಲೂ ಹನ್ನೊಂದು, ಹನ್ನೆರಡಕ್ಕೆ ‘ಹದಿ’ ಇಲ್ಲ! ವ್ಯತ್ಯಾಸ ಒಂದೇ, ನಮ್ಮದು ಹದಿನೆಂಟಕ್ಕೇ ಮುಗಿದು ಹತ್ತೊಂಬತ್ತು ಬೇರೆ ದಾರಿ ಹಿಡಿಯುತ್ತೆ. ಹಾಗಾಗಿ 12 ವರ್ಷದ ಹುಡುಗಿಯನ್ನು ಇಂಗ್ಲಿಷಿನಲ್ಲಿ ‘ಟೀನೇಜರ್’ ಅಂದರೆ ತಪ್ಪು. ‘ಪ್ರೀಟೀನ್’ ಅನ್ನಬಹುದು, ಇಲ್ಲಾಂದ್ರೆ ಸುಮ್ಮನೆ 12 ಅಂತ ಬರೆದುಬಿಡಿ.

ಕರಡು ತಿದ್ದು (ಹಾಸನ)

ಒಳ್ಳೆ ಮಾತು. ಇದಕ್ಕೆ ‘ಅರ್ಲಿ’, ‘ಮಿಡ್’, ‘ಲೇಟ್’ ಸೇರಿಸ್ತೀನಿ. ‘ಅರ್ಲಿ ಥರ್ಟೀಸ್’ 30ರಿಂದ 33, ‘ಮಿಡ್’ 34ರಿಂದ 36, ‘ಲೇಟ್’ 37ರಿಂದ 39. ಇದು ಕಾನೂನಲ್ಲ, ರೂಢಿ. ‘ಮಿಡ್’ ಆದಮೇಲೆ ಅಡ್ಡಗೆರೆ ಬೇಕು, ‘ಅರ್ಲಿ’, ‘ಲೇಟ್’ ಆದಮೇಲೆ ಬೇಡ.

ಎಚ್ಚರ: ‘ಲೇಟ್’ ಪದಕ್ಕೆ ‘ದಿವಂಗತ’ ಅನ್ನೋ ಅರ್ಥವೂ ಇದೆ. ‘ದಿ ಲೇಟ್ ಫಾರ್ಟಿ-ಇಯರ್-ಓಲ್ಡ್’ ಅಂದರೆ ತೀರಿಕೊಂಡ ನಲವತ್ತರ ವ್ಯಕ್ತಿ. ‘ಇನ್ ಹಿಸ್ ಲೇಟ್ ಫಾರ್ಟೀಸ್’ ಅಂತಲೇ ಇಡೀ ತುಂಡು ಬರೀರಿ.

ಹೇಮಾವತಿ ದಂಡೆ (ಹಾಸನ)

34 ‘ಮಿಡ್’ ಹೇಗಾಗುತ್ತೆ ಸಾರ್? 35 ಒಂದೇ ತಾನೆ ನಡು?

ಕರಡು ತಿದ್ದು (ಹಾಸನ)

35 ಒಂದೇ ಆದರೆ ನೇರವಾಗಿ 35 ಅಂತಲೇ ಬರೀಬಹುದಲ್ಲ. ಖಚಿತ ವಯಸ್ಸು ಗೊತ್ತಿಲ್ಲದಾಗ, ಇಲ್ಲವೇ ಹೇಳೋದು ಬೇಡ ಅನ್ನಿಸಿದಾಗ ಮಾತ್ರ ಈ ಪದಗಳಿಗೆ ಕೆಲಸ. 33, 37 ಯಾವ ಕಡೆ ಅಂತ ಜಗಳ ಇದ್ದೇ ಇದೆ, ಅದಕ್ಕಾಗಿ ಸಂಚಿಕೆ ನಿಲ್ಲಿಸಬೇಡಿ.

ಘಾಟಿ ತಿರುವು (ಮೂಡಿಗೆರೆ)

ಅಡ್ಡಗೆರೆ ವಿಷಯ ಬಂತಲ್ಲ, ಅದನ್ನು ಮುಗಿಸೋಣ. ನಮ್ಮ ಕಡೆಯ ತೋಟ ಮಾರಾಟದ ಜಾಹೀರಾತು, ಹೋಂಸ್ಟೇ ಪುಟಗಳಲ್ಲಿ ಅತಿ ಹೆಚ್ಚು ಕೆಡೋದು ಇದೇ.

ನಾಮಪದದ ಮುಂದೆ ಬಂದರೆ ‘ಎ ಫೈವ್-ಇಯರ್-ಓಲ್ಡ್ ಬಾಯ್’: ಎರಡು ಅಡ್ಡಗೆರೆ, ‘ಇಯರ್’ಗೆ ಎಸ್ ಇಲ್ಲ. ಕ್ರಿಯಾಪದದ ನಂತರ ಬಂದರೆ ‘ದಿ ಬಾಯ್ ಇಸ್ ಫೈವ್ ಇಯರ್ಸ್ ಓಲ್ಡ್’: ಅಡ್ಡಗೆರೆ ಇಲ್ಲ, ಎಸ್ ಇದೆ. ಹುಡುಗನನ್ನೇ ‘ಎ ಫೈವ್-ಇಯರ್-ಓಲ್ಡ್’ ಅಂತ ಕರೆದರೆ ಅಡ್ಡಗೆರೆ ವಾಪಸ್ ಬರುತ್ತೆ, ಬಹುವಚನದ ಎಸ್ ‘ಓಲ್ಡ್’ಗೆ ಹತ್ತುತ್ತೆ. ‘ಫೈವ್ ಇಯರ್ಸ್ ಓಲ್ಡ್ ಬಾಯ್’ ಅನ್ನೋದು ನಮ್ಮ ಕನ್ನಡದ ‘ಐದು ವರ್ಷದ ಹುಡುಗ’ವನ್ನು ಹಾಗೇ ಇಳಿಸಿದ್ದು.

ಒಂದು ಗೆರೆ ತಪ್ಪಿದರೆ ಏನಾಗುತ್ತೆ ನೋಡಿ. ಜಾಹೀರಾತಿನಲ್ಲಿ ‘ಟ್ವೆಂಟಿ-ಇಯರ್-ಓಲ್ಡ್ ರೋಬಸ್ಟಾ ಪ್ಲಾಂಟ್ಸ್’ ಅಂತಿದ್ದರೆ ಇಪ್ಪತ್ತು ವರ್ಷದ, ಫಸಲು ಕೊಡುವ ಗಿಡಗಳು. ಮೊದಲ ಗೆರೆ ಬಿಟ್ಟು ‘ಟ್ವೆಂಟಿ ಇಯರ್-ಓಲ್ಡ್ ರೋಬಸ್ಟಾ ಪ್ಲಾಂಟ್ಸ್’ ಅಂತ ಹಾಕಿದರೆ ವರ್ಷ ತುಂಬಿದ ಇಪ್ಪತ್ತು ಸಸಿ! ಎಕರೆಗಟ್ಟಲೆ ತೋಟ ಕೊಳ್ಳಲು ಬಂದವನಿಗೆ ನರ್ಸರಿ ಬುಟ್ಟಿ ತೋರಿಸಿದ ಹಾಗೆ.

ಬಂಗಲೆಗೆ ‘100-ಇಯರ್-ಓಲ್ಡ್ ಬಂಗಲೋ’ ಅಂತ ಬರೆದರೆ ವ್ಯಾಕರಣ ಸರಿ, ಆದರೆ ಅದು ಪ್ರತಿ ವರ್ಷ ಹಳಸುತ್ತೆ. ‘ಎ 1920ಎಸ್ ಬಂಗಲೋ’ ಅಂತ ಕಟ್ಟಿದ ದಶಕ ಹಾಕಿಬಿಟ್ಟರೆ ಎಷ್ಟು ವರ್ಷ ಬಿಟ್ಟು ನೋಡಿದರೂ ನಿಜ. ನಾಲ್ಕೂ ಅಂಕಿ ಬೇಕೇ ಬೇಕು. ಬರೀ ‘ಟ್ವೆಂಟೀಸ್ ಬಂಗಲೋ’ ಅಂದರೆ ಈಗ 2020ರ ದಶಕವೂ ಸೇರಿಕೊಂಡಿದೆ, ಹೊಸ ಆರ್‌ಸಿಸಿ ಮನೆ ಅಂದ್ಕೊಂಡಾರು.

ಬೇಲೂರು ಬಾಗಿಲು

ಶತಮಾನಕ್ಕೂ ಇದೇ ರೋಗ ಇದೆ. ಚೆನ್ನಕೇಶವ ದೇವಾಲಯದ ಪ್ರತಿಷ್ಠೆ 1117ರಲ್ಲಿ. 11 ಅಂಕಿ ಕಣ್ಣಿಗೆ ಬಿದ್ದದ್ದೇ ತಡ, ‘ಇಲೆವೆಂತ್ ಸೆಂಚುರಿ’ ಅಂತ ಹೇಳಿಬಿಡ್ತಾರೆ. 1117 ‘ಟ್ವೆಲ್ಫ್ತ್ ಸೆಂಚುರಿ’, ನಮ್ಮಲ್ಲಿ 12ನೇ ಶತಮಾನ ಅನ್ನೋ ಹಾಗೇ. 11 ಉಳಿಸಿಕೊಳ್ಳಲೇಬೇಕು ಅಂದರೆ ‘ಇನ್ ದಿ ಇಲೆವೆನ್ ಹಂಡ್ರೆಡ್ಸ್’ ಅನ್ನಬಹುದು, ಅದಕ್ಕೆ 1100ರಿಂದ 1199 ಅಂತ ಅರ್ಥ. ಶ್ರವಣಬೆಳಗೊಳದ ಗೊಮ್ಮಟ 10ನೇ ಶತಮಾನದ ಕೊನೆಯದು, ‘ಓವರ್ ಅ ಥೌಸಂಡ್ ಇಯರ್ಸ್ ಓಲ್ಡ್’ ಅಂದರೆ ಎಲ್ಲಿಯೂ ಸಿಕ್ಕಿಬೀಳಲ್ಲ.

ನೋಟರಿ ಮೇಜು (ಚಿಕ್ಕಮಗಳೂರು)

‘ಅರವತ್ತು ನಡೀತಿದೆ’ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಅದೇ ಅಸಲು ವಿಷಯ.

ನಾವು ನಡೆಯುವ ವರ್ಷ ಲೆಕ್ಕ ಹಿಡೀತೀವಿ, ಇಂಗ್ಲಿಷ್ ತುಂಬಿದ ವರ್ಷ ಹಿಡಿಯುತ್ತೆ. ‘ಅರವತ್ತು ನಡೀತಿದೆ’ ಅಂದರೆ 59 ತುಂಬಿದೆ. ಇಂಗ್ಲಿಷಿನಲ್ಲಿ ‘ಹಿ ಇಸ್ 59’. ನಡೆಯುವ ವರ್ಷವನ್ನೇ ಹೇಳಬೇಕಾದರೆ ‘ಹಿ ಇಸ್ ಇನ್ ಹಿಸ್ ಸಿಕ್ಸ್‌ಟಿಯೆತ್ ಇಯರ್’. ಗಮನಿಸಿ, ‘ಸಿಕ್ಸ್‌ಟಿಯೆತ್ ಇಯರ್’ನಲ್ಲಿ ಇರೋನಿಗೆ ಇನ್ನೂ 60 ಆಗಿಲ್ಲ, ‘ಸಿಕ್ಸ್‌ಟಿಯೆತ್ ಬರ್ತ್‌ಡೇ’ ಆಚರಿಸಿದವನಿಗೆ ಆಗಿದೆ. ‘ಸಿಕ್ಸ್‌ಟಿ ರನ್ನಿಂಗ್’, ‘ಫಿಫ್ಟಿನೈನ್ ಕಂಪ್ಲೀಟೆಡ್’ ನಮ್ಮ ಕಚೇರಿಗಳಲ್ಲಿ ಎಲ್ಲರಿಗೂ ಅರ್ಥವಾಗುತ್ತೆ, ಹೊರದೇಶದ ಓದುಗರಿಗೆ ‘ರನ್ನಿಂಗ್’ ಅಂದರೆ ಓಡೋದು.

ಕಳೆಯುವ ಲೆಕ್ಕ ಹೇಗೆ ಕೈಕೊಡುತ್ತೆ ಅನ್ನೋದಕ್ಕೆ ಕುವೆಂಪು. ಹುಟ್ಟಿದ್ದು 1904ರ ಡಿಸೆಂಬರ್ 29, ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ತೀರಿಕೊಂಡದ್ದು 1994ರ ನವೆಂಬರ್ 11. 1994ರಲ್ಲಿ 1904 ಕಳೆದರೆ 90. ಆದರೆ ಹುಟ್ಟಿದ ದಿನ ಬರಲು ಇನ್ನೂ ಒಂದೂವರೆ ತಿಂಗಳಿತ್ತು, ಹಾಗಾಗಿ ‘ಏಜ್ಡ್ 89’, ‘ಇನ್ ಹಿಸ್ ನೈಂಟಿಯೆತ್ ಇಯರ್’. ಪೂರ್ಣಚಂದ್ರ ತೇಜಸ್ವಿಯವರದೂ ಹೀಗೇ: 1938ರ ಸೆಪ್ಟೆಂಬರ್ 8ರಿಂದ 2007ರ ಏಪ್ರಿಲ್ 5. ಕಳೆದರೆ 69, ನಿಜಕ್ಕೆ 68. ಇಸವಿ ಕಳೆದ ಮೇಲೆ ತಿಂಗಳು-ತಾರೀಕು ಹೋಲಿಸಿ. ಆ ವರ್ಷದ ಹುಟ್ಟಿದ ದಿನ ಇನ್ನೂ ಬಂದಿಲ್ಲದಿದ್ದರೆ ಒಂದು ಕಡಿಮೆ ಮಾಡಿ.

ಕಾನೂನಿನ ಭಾಷೆ ಇನ್ನೂ ಬಿಗಿ. 1875ರ ವಯಸ್ಕತನದ ಕಾಯ್ದೆ ಪ್ರಕಾರ ಹುಟ್ಟಿದ ದಿನವನ್ನು ಇಡೀ ದಿನವಾಗಿ ಲೆಕ್ಕಕ್ಕೆ ತಗೋಬೇಕು, 18ನೇ ವಾರ್ಷಿಕ ದಿನ ಶುರುವಾಗುತ್ತಿದ್ದ ಹಾಗೇ ವಯಸ್ಕ. ಇದರಿಂದ ಏನಾಗುತ್ತೆ ಅಂದರೆ, ಹುಟ್ಟುಹಬ್ಬದ ಹಿಂದಿನ ದಿನ ಮುಗಿಯುವ ನಡುರಾತ್ರಿಗೇ ವರ್ಷ ತುಂಬಿಹೋಗುತ್ತೆ. 1986ರ ಸುಪ್ರೀಂ ಕೋರ್ಟ್ ತೀರ್ಪೊಂದರಲ್ಲಿ ಇದೇ ಎಳೆದಾಟ. ಅಭ್ಯರ್ಥಿ ಹುಟ್ಟಿದ್ದು 1956ರ ಜನವರಿ 2. 1984ರ ಜನವರಿ 1ಕ್ಕೆ ಆತ 28 ‘ಅಟೇನ್’ ಮಾಡಿರಬಾರದು ಅಂತ ನಿಯಮ. ಜನವರಿ 1ರ ದಿನ ಮುಗಿಯುವಾಗಲೇ 28 ತುಂಬಿತು ಅಂತ ನ್ಯಾಯಾಲಯ ಹೇಳಿತು, ಒಂದು ದಿನದಲ್ಲಿ ಅವಕಾಶ ತಪ್ಪಿತು. ತಿಂಗಳ 1ನೇ ತಾರೀಕು ಹುಟ್ಟಿದ ಕೇಂದ್ರ ನೌಕರರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗೋದು ಇದೇ ತರ್ಕಕ್ಕೆ. ಅರ್ಜಿಯಲ್ಲಿ ‘ಶುಡ್ ನಾಟ್ ಹ್ಯಾವ್ ಅಟೇನ್ಡ್’ ಅಂತ ಕಂಡರೆ ಹುಟ್ಟುಹಬ್ಬದ ಹಿಂದಿನ ದಿನವನ್ನೂ ನೋಡಿಕೊಳ್ಳಿ.

ಚನ್ನರಾಯಪಟ್ಟಣ ಪ್ಯಾಸೆಂಜರ್

ಜೂನ್ 1 ನಮ್ಮ ಕಡೆ ಅರ್ಧ ತಾಲ್ಲೂಕಿನ ಹುಟ್ಟುಹಬ್ಬ ಅಲ್ವಾ ಸಾರ್. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಜಾತಕ.

ನೋಟರಿ ಮೇಜು (ಚಿಕ್ಕಮಗಳೂರು)

ಅದಕ್ಕೇ ದಾವೆ, ಅಫಿಡವಿಟ್‌ಗಳಲ್ಲಿ ‘ಏಜ್ಡ್ ಅಬೌಟ್ 45 ಇಯರ್ಸ್’ ಅಂತ ‘ಅಬೌಟ್’ ಸೇರಿಸಿರ್ತೀವಿ. ಕನ್ನಡದ ‘ಸುಮಾರು 45 ವರ್ಷ’. ದಾವೆ ಮುಗಿಯುವಷ್ಟರಲ್ಲಿ ವಯಸ್ಸು ಬದಲಾಗಿರುತ್ತೆ, ದಾಖಲೆಗಳಲ್ಲಿ ಒಂದೆರಡು ವರ್ಷ ಹೆಚ್ಚುಕಮ್ಮಿ ಇದ್ದೇ ಇರುತ್ತೆ, ಆ ಒಂದು ಪದ ಎಲ್ಲ ತಡೆದುಕೊಳ್ಳುತ್ತೆ. ಆದರೆ ಅದನ್ನು ಸ್ಮರಣ ಸಂಚಿಕೆಗೆ ತರಬೇಡಿ. ಸನ್ಮಾನಿತರ ಪರಿಚಯದಲ್ಲಿ ‘ಏಜ್ಡ್ ಅಬೌಟ್’ ಕಂಡರೆ ಮೇಷ್ಟ್ರು ಎರಡನೇ ಪ್ರತಿವಾದಿ ಅನ್ನಿಸುತ್ತೆ.

ಕೊಪ್ಪದ ಅಡಿಕೆ

ಆಮಂತ್ರಣ ಪತ್ರಿಕೆಗಳ ಬಗ್ಗೆ ಒಂದು. 59 ತುಂಬಿ 60ಕ್ಕೆ ಕಾಲಿಟ್ಟಾಗ ಮಾಡೋದು ಉಗ್ರರಥ ಶಾಂತಿ, 60 ತುಂಬಿದಾಗ ಷಷ್ಟ್ಯಬ್ದಿ. ಇಂಗ್ಲಿಷ್ ಕಾರ್ಡಿನಲ್ಲಿ ಎರಡಕ್ಕೂ ‘ಸಿಕ್ಸ್‌ಟಿಯೆತ್ ಬರ್ತ್‌ಡೇ’ ಅಂತ ಅಚ್ಚಾಗುತ್ತೆ. ಮೊದಲನೆಯದಕ್ಕೆ ಅದು ಸುಳ್ಳು. ‘ಆನ್ ಎಂಟರಿಂಗ್ ಹಿಸ್ ಸಿಕ್ಸ್‌ಟಿಯೆತ್ ಇಯರ್’ ಅಂತ ಹಾಕಬೇಕು. ಸಹಸ್ರಚಂದ್ರ ದರ್ಶನಕ್ಕೆ ‘ಏಟಿಯೆತ್ ಬರ್ತ್‌ಡೇ’ಯೂ ಪೂರ್ತಿ ಕೂರೋದಿಲ್ಲ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ 29.53 ದಿನ, ಸಾವಿರ ಹುಣ್ಣಿಮೆಗೆ 29,530 ದಿನ, ಅಂದರೆ 80 ವರ್ಷ 10 ತಿಂಗಳು. ಹೆಸರನ್ನು ಹಾಗೇ ಇಟ್ಟು, ಕೆಳಗೆ ‘ಎ ಥೌಸಂಡ್ ಫುಲ್ ಮೂನ್ಸ್’ ಅಂತ ಒಂದು ಸಾಲು ಕೊಟ್ಟರೆ ಮೊಮ್ಮಕ್ಕಳ ಗೆಳೆಯರಿಗೂ ತಿಳಿಯುತ್ತೆ.

ಹೇಮಾವತಿ ದಂಡೆ (ಹಾಸನ)

ಬಹಳ ಉಪಕಾರ. ಹಾಗಾದರೆ ‘ಪುಶಿಂಗ್ ಸಿಕ್ಸ್‌ಟಿ’ ಅಂತ ಒಬ್ಬರು ಬರೆದಿದ್ದಾರೆ, ಅದೂ ಇದೇನಾ? ಜೊತೆಗೆ ‘ಆಕ್ಟೋಜನೇರಿಯನ್’ ಮುಂತಾದವು ಎಲ್ಲಿ ಹಾಕಬಹುದು?

ಕರಡು ತಿದ್ದು (ಹಾಸನ)

‘ಪುಶಿಂಗ್ ಸಿಕ್ಸ್‌ಟಿ’ ಅಂದರೆ 57, 58, 59, ಅರವತ್ತರ ಬಾಗಿಲು ತಳ್ತಾ ಇದ್ದಾರೆ ಅಂತ. ಒಳಗೇ ಒಂದು ಚೇಷ್ಟೆ ಇದೆ, ಗುರುಗಳಿಗೆ ಬೇಡ. ‘ಗೋಯಿಂಗ್ ಆನ್ ಸಿಕ್ಸ್‌ಟಿ’ ಸೌಮ್ಯ. ‘ಆನ್ ದಿ ರಾಂಗ್ ಸೈಡ್ ಆಫ್ ಸಿಕ್ಸ್‌ಟಿ’ ಅಂದರೆ ದಾಟಿದ್ದಾರೆ, ಅದೂ ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವಾಗ ಮಾತ್ರ ಚೆಂದ. ‘ನೋ ಸ್ಪ್ರಿಂಗ್ ಚಿಕನ್’ ಅಂದರೆ ಎಳೆ ವಯಸ್ಸಿನವರಲ್ಲ ಅಂತ, ಅದು ಯಾವಾಗಲೂ ‘ನೋ’ ಜೊತೆಗೇ ಬರುತ್ತೆ. ‘ಶಿ ಇಸ್ ಎ ಸ್ಪ್ರಿಂಗ್ ಚಿಕನ್’ ಅಂತ ಹೊಗಳಲು ಹೋಗಬೇಡಿ.

ಲ್ಯಾಟಿನ್ ಪದಗಳು ಹತ್ತರ ಲೆಕ್ಕ: ‘ಸೆಕ್ಸಜನೇರಿಯನ್’ 60ರಿಂದ 69, ‘ಸೆಪ್ಟುವಜನೇರಿಯನ್’ 70ರಿಂದ 79, ‘ಆಕ್ಟೋಜನೇರಿಯನ್’ 80ರಿಂದ 89, ‘ನೋನಜನೇರಿಯನ್’ 90ರಿಂದ 99, ನೂರು ತುಂಬಿದರೆ ‘ಸೆಂಟಿನೇರಿಯನ್’. ‘ಆಕ್ಟೋ’ದಲ್ಲಿ ಟಿ ಆದಮೇಲೆ ಓ ಅಕ್ಷರ, ಎ ಅಲ್ಲ, ಹತ್ತರಲ್ಲಿ ಐದು ಕರಡಿನಲ್ಲಿ ತಪ್ಪೋದು ಅಲ್ಲೇ. ನಮ್ಮ ಹಾಸನದ ಬಾನು ಮುಷ್ತಾಕ್ ಹುಟ್ಟಿದ್ದು 1948ರಲ್ಲಿ. 2025ರ ಮೇನಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದಾಗ ಅವರಿಗೆ 77, ‘ಸೆಪ್ಟುವಜನೇರಿಯನ್’ ಅನ್ನಬಹುದಿತ್ತು. ಆದರೆ ‘ದಿ 77-ಇಯರ್-ಓಲ್ಡ್ ರೈಟರ್’ ಅಂದರೆ ಚಿಕ್ಕದು, ಖಚಿತ, ಗೌರವವೂ ಉಳಿಯುತ್ತೆ. ಆ ಉದ್ದ ಪದಗಳು ತಲೆಬರಹದಲ್ಲಿ ಒಮ್ಮೆ ಬಂದರೆ ಸಾಕು. ‘ಸೆಕ್ಸಜನೇರಿಯನ್’ ಅಂತೂ ಶಾಲಾ ಸಂಚಿಕೆಗೆ ಬೇಡವೇ ಬೇಡ, ಮಕ್ಕಳು ಓದ್ತಾರೆ.

ಘಾಟಿ ತಿರುವು (ಮೂಡಿಗೆರೆ)

‘ಲಾಂಗ್ ಇನ್ ದಿ ಟೂತ್’ ಬಿಟ್ರಲ್ಲ? ಕುದುರೆಗೆ ವಯಸ್ಸಾದಂತೆ ವಸಡು ಹಿಂದೆ ಸರಿದು ಹಲ್ಲು ಉದ್ದ ಕಾಣುತ್ತೆ, ಅದರಿಂದ ಬಂದದ್ದು.

ಚನ್ನರಾಯಪಟ್ಟಣ ಪ್ಯಾಸೆಂಜರ್

ಬೂಕನಬೆಟ್ಟದ ಜಾತ್ರೇಲಿ ದನ ಕೊಳ್ಳೋರು ತುಟಿ ಎತ್ತಿ ಹಲ್ಲು ಎಣಿಸೋದೂ ಅದಕ್ಕೇ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು. ನಮ್ಮಲ್ಲಿ ಹಲ್ಲಿನ ಲೆಕ್ಕ, ಅವರಲ್ಲಿ ಹಲ್ಲಿನ ಉದ್ದ. ಮನುಷ್ಯರಿಗೆ ಎರಡೂ ಬೇಡ.

ಹೇಮಾವತಿ ದಂಡೆ (ಹಾಸನ)

ಮೇಲಿನ ಗೆರೆ ಒಂದು ಉಳಿದಿದೆ.

ಕರಡು ತಿದ್ದು (ಹಾಸನ)

ಅಪಾಸ್ಟ್ರಫಿ ತಾನೆ. 1980ಕ್ಕೆ ಎಸ್ ನೇರವಾಗಿ ಅಂಟಿಸಿ, ಮಧ್ಯೆ ಏನೂ ಬೇಡ. ಹಿಂದೆ ಅಮೆರಿಕದ ಕೆಲವು ಪತ್ರಿಕೆಗಳು ಹಾಕುತ್ತಿದ್ದವು, ಈಗ ಕೈಬಿಟ್ಟಿವೆ. ಅಲ್ಲಿ ಅಪಾಸ್ಟ್ರಫಿ ಹಾಕಿದರೆ ‘1980ನೇ ಇಸವಿಯ’ ಅಂತ ಷಷ್ಠಿ ಆಗುತ್ತೆ, ಹತ್ತು ವರ್ಷ ಹೋಗಿ ಒಂದೇ ವರ್ಷ ಉಳಿಯುತ್ತೆ.

19 ಬಿಟ್ಟು ಬರೀ 80 ಬರೆದರೆ, ಬಿಟ್ಟ 19ರ ಜಾಗದಲ್ಲಿ, ಅಂದರೆ 80ರ ಮುಂದೆ ಅಪಾಸ್ಟ್ರಫಿ ಬರುತ್ತೆ. ಇಲ್ಲಿ ಕಂಪ್ಯೂಟರ್ ಆಟ ಕಟ್ಟುತ್ತೆ: ಪದದ ಶುರುವಿನಲ್ಲಿ ಒತ್ತಿದಿರಿ ಅಂತ ಅದನ್ನು ಉದ್ಧರಣ ಚಿಹ್ನೆ ಮಾಡಿ 6ರ ಆಕಾರಕ್ಕೆ ತಿರುಗಿಸುತ್ತೆ. ಬೇಕಾದ್ದು 9ರ ಆಕಾರ. ಯಾವುದಾದರೂ ಒಂದು ಅಕ್ಷರ ಒತ್ತಿ, ಅದರ ಹಿಂದೆಯೇ ಅಪಾಸ್ಟ್ರಫಿ, ಆಮೇಲೆ 80, ಎಸ್. ಕೊನೆಗೆ ಮೊದಲ ಅಕ್ಷರ ಅಳಿಸಿ. ವಯಸ್ಸಿಗೆ ‘ಇನ್ ಹರ್ 80ಎಸ್’ ಬರೆಯುವಾಗ ಏನೂ ಬಿಟ್ಟಿಲ್ಲವಲ್ಲ, ಅಲ್ಲಿ ಅಪಾಸ್ಟ್ರಫಿಯೇ ಇಲ್ಲ. 2000ದ ದಶಕಕ್ಕೆ ‘2000ಎಸ್’ ಅಂದರೆ ಇಡೀ ಶತಮಾನ ಅಂತಲೂ ಓದಬಹುದು, ‘2000ದಿಂದ 2009’ ಅಂತ ಬಿಡಿಸಿ ಬರೀರಿ.

ಘಾಟಿ ತಿರುವು (ಮೂಡಿಗೆರೆ)

‘ನೈಂಟೀಸ್ ಕಿಡ್ಸ್’ ಅಂತ ಸಂಚಿಕೆಯಲ್ಲಿದ್ದರೆ ಅದನ್ನೂ ನೋಡಿ. ಕೆಲವರಿಗೆ ತೊಂಬತ್ತರಲ್ಲಿ ಹುಟ್ಟಿದವರು, ಕೆಲವರಿಗೆ ತೊಂಬತ್ತರಲ್ಲಿ ಶಾಲೆಗೆ ಹೋದವರು. 1999ರಲ್ಲಿ ಹುಟ್ಟಿದವರು ಮೊದಲ ಲೆಕ್ಕಕ್ಕೆ ಸೇರ್ತಾರೆ, ಎರಡನೆಯದಕ್ಕೆ ಇಲ್ಲ. ‘ಚೈಲ್ಡ್ ಆಫ್ ದಿ ಸಿಕ್ಸ್‌ಟೀಸ್’ ಅಂತೂ ಆ ಕಾಲದ ಗಾಳಿಯಲ್ಲಿ ಬೆಳೆದವರು ಅಂತಲೇ. ‘ಮಿಲೆನಿಯಲ್’ ಅನ್ನೋದು 2000ದಲ್ಲಿ ಹುಟ್ಟಿದವರಿಗಲ್ಲ, ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಲ್ಲಿ 1981ರಿಂದ 1996. 1997ರಿಂದ 2012 ‘ಜೆನ್ ಝಡ್’. ಬ್ಯಾಚ್ ಇಸವಿ ಹಾಕಿಬಿಟ್ಟರೆ ಈ ಜಗಳವೇ ಇಲ್ಲ.

ಹೇಮಾವತಿ ದಂಡೆ (ಹಾಸನ)

ತಿದ್ದಿದೆ: ‘ಅಲಮ್ನೈ ಆಫ್ ದಿ ನೈಂಟೀನ್ ಏಟೀಸ್’, ಮೇಷ್ಟ್ರು ‘59’, ‘ಎ 75-ಇಯರ್-ಓಲ್ಡ್ ಸ್ಕೂಲ್’. ಶಾಲೆ ಶುರುವಾದದ್ದು 1950ರ ಜೂನ್. ಮುಖಪುಟದಲ್ಲಿ ‘ಡೈಮಂಡ್ ಜೂಬಿಲಿ’ ಅಂತ ಇದೆ, ಅದನ್ನ ಹಾಗೇ ಬಿಡಬಹುದಲ್ಲ?

ಕೊಪ್ಪದ ಅಡಿಕೆ

ಬಿಡಬೇಡಿ. ವಿಕ್ಟೋರಿಯಾ ರಾಣಿಯ ಡೈಮಂಡ್ ಜೂಬಿಲಿ 1897ರಲ್ಲಿ, ಎಲಿಜಬೆತ್ ರಾಣಿಯದು 2012ರಲ್ಲಿ, ಎರಡೂ 60 ವರ್ಷಕ್ಕೆ. ಕೆಲವು ಸಂಸ್ಥೆಗಳು 75ಕ್ಕೂ ಅದೇ ಹೆಸರು ಇಡ್ತವೆ. ಅಮೃತ ಮಹೋತ್ಸವಕ್ಕೆ ‘75 ಇಯರ್ಸ್’ ಅಂತ ಅಂಕಿಯಲ್ಲೇ ಹಾಕಿ.

ನೋಟರಿ ಮೇಜು (ಚಿಕ್ಕಮಗಳೂರು)

ಅಂಕಿ ಹಾಕುವಾಗಲೂ ಒಂದು ನೋಡಿಕೊಳ್ಳಿ ಮೇಡಂ. 2022ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯಕ್ಕೆ 75 ತುಂಬಿತು, ಆದರೆ ಆಚರಿಸಿದ್ದು 76ನೇ ಸ್ವಾತಂತ್ರ್ಯ ದಿನ, ಯಾಕಂದ್ರೆ 1947ರದ್ದೇ ಮೊದಲನೆಯದು. ಶಾಲೆಯ ಮೊದಲ ವರ್ಷವೇ ವಾರ್ಷಿಕೋತ್ಸವ ಆಗಿದ್ದರೆ ಮತ್ತು ನಡುವೆ ಒಂದೂ ತಪ್ಪಿಲ್ಲದಿದ್ದರೆ, 75 ತುಂಬಿದ ಮೇಲೆ ನಡೆಯುವ ಮೊದಲ ವಾರ್ಷಿಕೋತ್ಸವ 76ನೆಯದು. ಕೋವಿಡ್ ವರ್ಷಗಳಲ್ಲಿ ಆಗಿತ್ತಾ?

ಹೇಮಾವತಿ ದಂಡೆ (ಹಾಸನ)

ಇಲ್ಲ, ಎರಡು ವರ್ಷ ಆಗಿರಲಿಲ್ಲ. ‘75 ಇಯರ್ಸ್, 1950–2025’ ಅಂತಷ್ಟೇ ಹಾಕಿ, ಎಷ್ಟನೇ ವಾರ್ಷಿಕೋತ್ಸವ ಅನ್ನೋ ಸಾಲು ತೆಗೆದೆ.